ನೆಲದ ಕೆಳಗೆ ಅಪಕರ್ಷಣ, ನೆಲದ ಮೇಲೆ ಉತ್ಕರ್ಷಣ: ಬಣ್ಣದ ಕಾರ್ಖಾನೆಯೊಂದರ ಕಟ್ಟಡ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಉತ್ಕರ್ಷಣ ಮತ್ತು ಅಪಕರ್ಷಣ ಕ್ರಿಯೆಗಳನ್ನು ಕಲಿಸುತ್ತೇವೆ. ಆಕ್ಸಿಜನ್ ಪಡೆಯುವುದು ಅಥವಾ ಹೈಡ್ರೋಜನ್ ಕಳೆದುಕೊಳ್ಳುವುದು ಉತ್ಕರ್ಷಣ. ಇದರ ವಿರುದ್ಧ ಕ್ರಿಯೆ ಅಪಕರ್ಷಣ. ವ್ಯಾಖ್ಯೆ ಮಕ್ಕಳಿಗೆ ಬೇಗ ಬಾಯಿಪಾಠವಾಗುತ್ತದೆ. ಆದರೆ ತಾಮ್ರದ ಪುಡಿ ಕಪ್ಪಾಗುವ ಉದಾಹರಣೆಯನ್ನು ದಾಟಿ ನಾವು ಮುಂದೆ ಹೋಗುವುದು ಕಡಿಮೆ. ಹೈಡ್ರೋಜನ್ನಿನ ಭಾಗವಂತೂ ಬರೀ ವಾಕ್ಯವಾಗಿ ಉಳಿಯುತ್ತದೆ. ಆ ಭಾಗವನ್ನು ಕಣ್ಣಿಗೆ ಕಾಣಿಸಬಲ್ಲ ಒಂದು ಕಟ್ಟಡದ ಪರಿಚಯ ಇಲ್ಲಿದೆ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ವಿಲಿಯಂ ಮೋರಿಸ್ (1834–1896) ಎಂಬ ವಿನ್ಯಾಸಕಾರ, ಕವಿ ಇದ್ದರು. ಆಗ ಮಾರುಕಟ್ಟೆಗೆ ಬರುತ್ತಿದ್ದ ಕೃತಕ ಬಣ್ಣಗಳು ಅವರಿಗೆ ಹಿಡಿಸಲಿಲ್ಲ. ಸಸ್ಯಜನ್ಯ ಬಣ್ಣಗಳ ಕೆಲಸವನ್ನು ಲೀಕ್ ಪಟ್ಟಣದ ಥಾಮಸ್ ವಾರ್ಡಲ್ ಅವರ ಬಣ್ಣದ ಮನೆಯಲ್ಲಿ ಮೊಣಕೈವರೆಗೆ ನೀಲಿಯಾಗುವಷ್ಟು ಶ್ರದ್ಧೆಯಿಂದ ಕಲಿತರು. 1881ರಲ್ಲಿ ಲಂಡನ್ನಿನ ದಕ್ಷಿಣಕ್ಕೆ, ವಾಂಡಲ್ ನದಿಯ ದಡದ ಮರ್ಟನ್ ಅಬಿಯಲ್ಲಿ ತಮ್ಮದೇ ಕಾರ್ಖಾನೆ ಆರಂಭಿಸಿದರು. ಹೊಸ ಕಟ್ಟಡ ಕಟ್ಟಿಸಲಿಲ್ಲ. ಅಲ್ಲಿದ್ದ ಹಳೆಯ ಮರದ ಹಲಗೆಗೋಡೆಯ ಶೆಡ್ಡುಗಳನ್ನೇ ಬಣ್ಣದ ಕೆಲಸಕ್ಕೆ ಹೊಂದಿಸಿಕೊಂಡರು. ಹೇಗೆ ಹೊಂದಿಸಿದರು ಎಂಬುದರಲ್ಲೇ ನಮ್ಮ ಪಾಠವಿದೆ.

ಮೊದಲು ನೆಲವನ್ನು ನೋಡೋಣ. ನೀಲಿಯ ತೊಟ್ಟಿಗಳನ್ನು ನೆಲದೊಳಗೆ ಹುಗಿದು ಇರಿಸಿದ್ದರು. ಅವುಗಳ ಬಾಯಿ ಮಾತ್ರ ನೆಲದ ಮಟ್ಟದಲ್ಲಿ ಕಾಣುತ್ತಿತ್ತು. ಏಕೆ? ನೀಲಿ ಅಂದರೆ ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ, ಕರಗದೆ ನೂಲಿನೊಳಗೆ ಇಳಿಯುವುದಿಲ್ಲ. ಅದಕ್ಕೆ ಹೈಡ್ರೋಜನ್ ಸೇರಿಸಿ ಅಪಕರ್ಷಿಸಿದರೆ, ಕ್ಷಾರದ ನೀರಿನಲ್ಲಿ ಕರಗುವ ಹಳದಿ ಛಾಯೆಯ ವಸ್ತುವಾಗುತ್ತದೆ. ಇದಕ್ಕೆ ಗಾಳಿ ತಗುಲಿದರೆ ಮತ್ತೆ ಕರಗದ ನೀಲಿ! ಆದ್ದರಿಂದ ತೊಟ್ಟಿ ಆಳವಾಗಿರಬೇಕು, ದ್ರಾವಣದ ಹೆಚ್ಚಿನ ಭಾಗ ಗಾಳಿಯಿಂದ ದೂರವಿರಬೇಕು. ಗಸಿ ತಳದಲ್ಲಿ ಕೂರಲು ಜಾಗ ಬೇಕು. ಸುತ್ತಲಿನ ಮಣ್ಣು ಉಷ್ಣತೆಯನ್ನು ಬೇಗ ಏರಿಳಿಯಲು ಬಿಡುವುದಿಲ್ಲ. ಕೆಲಸಗಾರ ನೆಲದ ಮೇಲೆ ನಿಂತೇ ಬಟ್ಟೆಯನ್ನು ಕೆಳಗಿಳಿಸಬಹುದು.

ಈಗ ಮೇಲೆ ನೋಡೋಣ. ಹೊರತೆಗೆದ ಬಟ್ಟೆ ಮೊದಲು ಹಳದಿ–ಹಸಿರು. ಗಾಳಿಗೆ ಹಿಡಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಇಲ್ಲಿ ಹೈಡ್ರೋಜನ್ ಕಳೆದುಹೋಗಿ ಉತ್ಕರ್ಷಣ ನಡೆಯಿತು. ಇದಕ್ಕೆ ಬಟ್ಟೆಯನ್ನು ಬಿಡಿಸಿ ತೂಗಲು ಎತ್ತರವೂ ಗಾಳಿಯಾಡುವ ಜಾಗವೂ ಬೇಕು. ಕಪ್ಪುಹಲಗೆಯ ಮೇಲೆ ಒಂದು ಅಡ್ಡಗೆರೆ ಎಳೆದರೆ ಸಾಕು: ಗೆರೆಯ ಕೆಳಗೆ ಅಪಕರ್ಷಣ, ಮೇಲೆ ಉತ್ಕರ್ಷಣ. ಆ ಗೆರೆಯೇ ಕಾರ್ಖಾನೆಯ ನೆಲ.

ನದಿಯೂ ಕಾರ್ಖಾನೆಯ ಭಾಗವೇ. ವಾಂಡಲ್ ಸುಣ್ಣಕಲ್ಲಿನ ನೆಲದಿಂದ ಹುಟ್ಟಿಬರುವ ನದಿ. ನೀರಿನಲ್ಲಿ ಕ್ಯಾಲ್ಸಿಯಂ ಇದೆ. ನಮ್ಮ ಮಂಜಿಷ್ಠದ ಬಳಗಕ್ಕೆ ಸೇರಿದ ಮ್ಯಾಡರ್ ಬೇರಿನ ಕೆಂಪು, ಪಟಿಕ ಹಾಕಿದ ಬಟ್ಟೆಯ ಮೇಲೆ ಚೆನ್ನಾಗಿ ನಿಲ್ಲಲು ಕ್ಯಾಲ್ಸಿಯಂ ನೆರವಾಗುತ್ತದೆ. ಗಡಸು ನೀರೆಂದರೆ ಸೋಪು ನೊರೆ ಬಾರದ ನೀರು ಎಂದಷ್ಟೇ ಕಲಿಸುವ ನಮಗೆ ಇದೊಂದು ಒಳ್ಳೆಯ ಪ್ರತ್ಯುದಾಹರಣೆ. ಪಕ್ಕದ ಹುಲ್ಲುಗಾವಲೂ ಖಾಲಿ ಜಾಗವಲ್ಲ. ತೊಳೆದ ಬಟ್ಟೆಯನ್ನು ಅಲ್ಲಿ ಹಾಸಿದಾಗ ಬಿಸಿಲಿಗೆ ಬಿಳಿಯ ಭಾಗಗಳು ಶುಭ್ರವಾಗುತ್ತಿದ್ದವು.

ಬೋಧನಾಭ್ಯಾಸದಲ್ಲಿ ಇದನ್ನು ಬಳಸುವಾಗ ಉತ್ತರವನ್ನು ಮೊದಲೇ ಹೇಳಬಾರದು. ಶೆಡ್ಡು, ತೊಟ್ಟಿ, ನದಿ, ಹುಲ್ಲುಗಾವಲಿನ ಸರಳ ನಕ್ಷೆ ಬರೆದು, ಇಂಡಿಗೊದ ಗುಣಗಳನ್ನಷ್ಟೇ ತಿಳಿಸಿ, ‘ತೊಟ್ಟಿಯನ್ನು ನೆಲದೊಳಗೆ ಏಕೆ ಇಟ್ಟರು? ಮೇಲಿಟ್ಟು ಅಗಲ ಮಾಡಿದ್ದರೆ ಏನಾಗುತ್ತಿತ್ತು?’ ಎಂದು ಕೇಳಬೇಕು. ಗುಂಪಿನಲ್ಲಿ ಚರ್ಚಿಸಲು ಹತ್ತು ನಿಮಿಷ ಕೊಡಬಹುದು. ವ್ಯಾಖ್ಯೆ ಕೊನೆಗೆ ಬರಲಿ. ಉತ್ತರ ಕರ್ನಾಟಕದ ಶಾಲೆಯಾದರೆ ‘ನೀಲಗಾರ’ ಎಂಬ ಹೆಸರು ಮಕ್ಕಳಿಗೆ ಪರಿಚಿತವಿರಬಹುದು. ನೀಲಿ ಬಣ್ಣ ಹಾಕುವುದು ಆ ಸಮುದಾಯದ ಕುಲಕಸುಬಾಗಿತ್ತು. ಅವರ ತೊಟ್ಟಿಯಲ್ಲಿ ನಡೆದದ್ದೂ ಇದೇ ಕ್ರಿಯೆ.

ಮೌಲ್ಯಮಾಪನಕ್ಕೆ ಇನ್ನೊಂದು ಪ್ರಶ್ನೆ ಉಳಿಸಿಕೊಳ್ಳಿ: ಬಟ್ಟೆ ತೊಳೆದ ನೀರು ಎಲ್ಲಿಗೆ ಹೋಯಿತು? ವಾಂಡಲ್ ದಡದಲ್ಲಿ ಹಲವು ಕಾರ್ಖಾನೆಗಳಿದ್ದವು. 20ನೇ ಶತಮಾನದಲ್ಲಿ ಆ ನದಿ ತೀರಾ ಮಲಿನವಾಯಿತು. ಸಸ್ಯಜನ್ಯ ಬಣ್ಣವಾದರೂ ಪಟಿಕ, ಕ್ಷಾರಗಳು ನೀರಿಗೆ ಸೇರುತ್ತವೆ. ನಕ್ಷೆಯಲ್ಲಿ ನೀರು ಒಳಬರುವ ಬಾಣದ ಗುರುತನ್ನು ಮಕ್ಕಳು ತಾವಾಗಿಯೇ ಹಾಕುತ್ತಾರೆ. ಹೊರಹೋಗುವ ಬಾಣವನ್ನೂ ಹಾಕಿಸುವುದು ಶಿಕ್ಷಕರ ಕೆಲಸ.