ರಾಸ್ಪ್‌ಬೆರಿ ಪೈ ಕಾರ್ಡ್ ಬರೆಯುವಾಗ ಸೆಟ್ಟಿಂಗ್ ತೆರೆಯುತ್ತಿಲ್ಲವೇ? ಕಾರಣ ಇಲ್ಲಿದೆ

ಚಿಕ್ಕೋಡಿ: ಹೋಟೆಲ್‌ನಲ್ಲಿ ದರಪಟ್ಟಿ ತೋರಿಸುವ ಟಿವಿ ಇರಲಿ, ಕಾಲೇಜು ಹುಡುಗರ ಪ್ರಾಜೆಕ್ಟ್ ಇರಲಿ, ಅಂಗೈ ಅಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಸಾಕು. ಇದರಲ್ಲಿ ಹಾರ್ಡ್ ಡಿಸ್ಕ್ ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ‘ರಾಸ್ಪ್‌ಬೆರಿ ಪೈ ಇಮೇಜರ್’ ಎಂಬ ಉಚಿತ ತಂತ್ರಾಂಶದಿಂದ ಮೆಮೊರಿ ಕಾರ್ಡ್‌ಗೆ ಓಎಸ್ ಬರೆದು ಹಾಕಬೇಕು. ಆದರೆ ಹಲವು ಸಲ ಹೆಸರು, ಪಾಸ್‌ವರ್ಡ್, ವೈಫೈ ತುಂಬುವ ‘ಕಸ್ಟಮೈಸೇಶನ್’ ಭಾಗ ಮಸುಕಾಗಿ ಕಾಣುತ್ತದೆ. ಎಷ್ಟು ಒತ್ತಿದರೂ ತೆರೆಯಲ್ಲ.

‘ಇರಲಿ ಬಿಡು, ಆಮೇಲೆ ನೋಡೋಣ’ ಅಂತ ಹಾಗೇ ಕಾರ್ಡ್ ಬರೆದರೆ ಫಜೀತಿ ಶುರು. ಮೊದಲು ಎಲ್ಲ ಪೈಗಳಿಗೂ ‘ಪೈ’ ಎಂಬ ಹೆಸರು, ‘ರಾಸ್ಪ್‌ಬೆರಿ’ ಎಂಬ ಪಾಸ್‌ವರ್ಡ್ ಇರುತ್ತಿತ್ತು. ಸುರಕ್ಷತೆಯ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಲಾಗಿದೆ. ಹಳೆಯ ವಿಡಿಯೊ ನೋಡಿ ಅದನ್ನೇ ಹೊಡೆದರೆ ಒಳಗೆ ಬಿಡುವುದಿಲ್ಲ. ವೈಫೈ ಕೂಡ ಹತ್ತುವುದಿಲ್ಲ.

ಆಯ್ಕೆ ಯಾಕೆ ಮುಚ್ಚಿರುತ್ತದೆ?

ಮುಖ್ಯ ಕಾರಣ ಪೆನ್‌ಡ್ರೈವ್. ಹಳ್ಳಿಯಲ್ಲಿ ನೆಟ್ ನಿಧಾನ ಅಂತ ಯಾರಿಂದಲೋ ಓಎಸ್ ಫೈಲ್ ತಂದು ‘ಯೂಸ್ ಕಸ್ಟಮ್’ ಮೂಲಕ ಬರೆಯುವುದು ರೂಢಿ. ಆ ಫೈಲ್ ಒಳಗೆ ಯಾವ ಓಎಸ್ ಇದೆ, ಅದು ಸೆಟ್ಟಿಂಗ್ ಹೇಗೆ ಓದುತ್ತದೆ ಎಂಬುದು ಇಮೇಜರ್‌ಗೆ ಗೊತ್ತಾಗುವುದಿಲ್ಲ. ಹೀಗಾಗಿ 2025ರ ನವೆಂಬರ್‌ನಲ್ಲಿ ಬಂದ 2.0 ಆವೃತ್ತಿ ಆ ಭಾಗವನ್ನೇ ಮುಚ್ಚಿಬಿಡುತ್ತದೆ. ಇಮೇಜರ್‌ನ ಸ್ವಂತ ಪಟ್ಟಿಯಿಂದ ರಾಸ್ಪ್‌ಬೆರಿ ಪೈ ಓಎಸ್ ಆರಿಸಿದರೆ ಈ ಮಾಹಿತಿ ಜೊತೆಗೇ ಬರುತ್ತದೆ, ಆಯ್ಕೆ ತೆರೆಯುತ್ತದೆ.

ಎರಡನೆಯದು, ಆರಿಸಿದ ಓಎಸ್. ಟಿವಿಗೆಂದೇ ಇರುವ ಲಿಬ್ರೆಎಲೆಕ್‌ನಂಥವು ಪಟ್ಟಿಯಲ್ಲಿದ್ದರೂ ಈ ಸೌಲಭ್ಯ ಇಲ್ಲ. ಅದು ದೋಷವಲ್ಲ.

ಮೂರನೆಯದು, ಹಳೆಯ ಇಮೇಜರ್. ಇದರಲ್ಲಿ ಆಯ್ಕೆ ತೆರೆದರೂ ಹೊಸ ‘ಟ್ರಿಕ್ಸಿ’ ಓಎಸ್‌ಗೆ ತುಂಬಿದ ವಿವರ ಹತ್ತದೇ ಹೋಗಬಹುದು. ಮೊದಲು ಇಮೇಜರ್ ಅಪ್‌ಡೇಟ್ ಮಾಡಿಕೊಳ್ಳುವುದು ಒಳ್ಳೆಯದು.

ಹಂಗಾದ್ರ ಏನ್ ಮಾಡಬೇಕು?

ಸುಲಭ ದಾರಿ ಇದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಯಂಥ ಪೇಟೆಯಲ್ಲಿ ನೆಟ್ ಚಲೋ ಇರುವ ಕಡೆ ಲ್ಯಾಪ್‌ಟಾಪ್ ಒಯ್ದು, ಪಟ್ಟಿಯಿಂದಲೇ ಓಎಸ್ ಆರಿಸಿ ಕಾರ್ಡ್ ಬರೆಯಬೇಕು. ವೈಫೈ ಜಾಗದಲ್ಲಿ ರಾಯಬಾಗ, ಕಾಗವಾಡ ಅಥವಾ ಹಳ್ಳಿಯಲ್ಲಿರುವ ತಮ್ಮ ಅಂಗಡಿಯ ಹೆಸರು, ಪಾಸ್‌ವರ್ಡ್ ತುಂಬಿದರಾಯಿತು. ಬರೆಯುವಾಗ ಆ ವೈಫೈ ಹತ್ತಿರ ಇರಬೇಕೆಂದೇನಿಲ್ಲ. ಫೈಲ್ ತರುವ ಬದಲು ಬರೆದ ಕಾರ್ಡನ್ನೇ ಊರಿಗೆ ತಂದರೆ ಕೆಲಸ ಮುಗಿಯಿತು. ದೇಶದ ಕಡೆ ಭಾರತ ಆರಿಸಬೇಕು. ದೂರದಿಂದ ನಿರ್ವಹಿಸುವವರು ‘ಎಸ್‌ಎಸ್‌ಎಚ್’ ಆನ್ ಮಾಡಬೇಕು.

ಪೈ ಝೀರೊ 2 ಡಬ್ಲ್ಯೂ, ಪೈ 3 ಬಿ ಬೋರ್ಡ್‌ಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರಿದ್ದರೆ ಅದನ್ನು ಹಾಕಬಾರದು.

ಈಗಾಗಲೇ ಬರೆದಾಗಿದ್ದರೆ?

ಗಾಬರಿ ಬೇಡ, ಬೋರ್ಡ್ ಕೆಟ್ಟಿಲ್ಲ. ಡೆಸ್ಕ್‌ಟಾಪ್ ಇರುವ ರಾಸ್ಪ್‌ಬೆರಿ ಪೈ ಓಎಸ್ ಆಗಿದ್ದರೆ ಎಚ್‌ಡಿಎಂಐ ಕೇಬಲ್‌ನಿಂದ ಟಿವಿ, ಜೊತೆಗೆ ಕೀಬೋರ್ಡ್, ಮೌಸ್ ಜೋಡಿಸಿ ಚಾಲೂ ಮಾಡಿದರೆ ಮೊದಲ ಸಲ ಅದೇ ಹೆಸರು, ಪಾಸ್‌ವರ್ಡ್, ವೈಫೈ ಕೇಳುತ್ತದೆ. ಇಲ್ಲದಿದ್ದರೆ ಕಾರ್ಡನ್ನು ಇನ್ನೊಮ್ಮೆ ಬರೆಯಬಹುದು.

ಒಂದು ಎಚ್ಚರಿಕೆ: ಬರೆಯುವಾಗ ಕಾರ್ಡ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹಳೆಯ ಬಿಲ್, ಲೆಕ್ಕ ಇದ್ದರೆ ಮೊದಲು ನಕಲು ತೆಗೆದಿಟ್ಟುಕೊಳ್ಳಬೇಕು. ‘ಸ್ಟೋರೇಜ್’ ಆರಿಸುವಾಗ ಬೇರೆ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಕಿತ್ತಿಟ್ಟು, ಕಾರ್ಡ್ ಒಂದೇ ಇರುವಂತೆ ನೋಡಿಕೊಂಡರೆ ನಷ್ಟ ತಪ್ಪುತ್ತದೆ.