ಬಚ್ಚಲಿನ ಬಿಸಿನೀರು ಮತ್ತು ಗೀಸರಿನ ಆಯ್ಕೆ

ಊರಿನ ಬಚ್ಚಲುಮನೆಯಲ್ಲಿ ಹಂಡೆಯ ಒಲೆಗೆ ತೆಂಗಿನ ಮಡಲು, ಸಿಪ್ಪೆಗಳನ್ನು ತುರುಕಿ ಸ್ನಾನ ಮಾಡಿದವರಿಗೆ ಬಿಸಿನೀರಿಗೂ ಬೆಲೆಯುಂಟೆಂದು ತಿಳಿದುದು ಮುಂಬಯಿಗೆ ಬಂದ ಮೇಲೆಯೇ. ಚಾಳಿನ ಮೋರಿಯಲ್ಲಿ, ಸೀಮೆಎಣ್ಣೆಯ ಸ್ಟವಿನ ಮೇಲೆ ಕಾಯಿಸಿದ ಒಂದು ಪಾತ್ರೆ ನೀರಿನಲ್ಲೇ ನಮ್ಮ ಹಿರಿಯರು ತೃಪ್ತರಾದರು. ಇಂದು ಅದೇ ಮನೆತನಗಳು ಡೊಂಬಿವಲಿ, ಮೀರಾ ರೋಡ್, ವಿರಾರಗಳ ಫ್ಲ್ಯಾಟುಗಳಲ್ಲಿವೆ. ಗೀಸರನ್ನು ಆರಿಸುವಾಗ ಮಾತ್ರ ಅದರ ಬಣ್ಣವನ್ನೂ ಅಂಗಡಿಯವನ ರಿಯಾಯಿತಿಯನ್ನೂ ನೋಡಿ ತೃಪ್ತರಾಗುತ್ತೇವೆ.

ಲೆಕ್ಕ ಕಠಿಣವೇನಲ್ಲ. 15 ಲೀಟರಿನ ಒಂದು ಬಕೆಟ್ ನೀರನ್ನು 24 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆ ವಿದ್ಯುತ್ ಸಾಕು. ಕಾಯಿಲಿನ ಯಾವ ಗೀಸರೂ ಇದಕ್ಕಿಂತ ಅಗ್ಗವಾಗಿ ಕಾಯಿಸಲಾರದು. ವ್ಯತ್ಯಾಸವಿರುವುದು ಕಾಯ್ದ ನೀರು ತೊಟ್ಟಿಯಲ್ಲಿ ನಿಂತು ಕಳೆದುಕೊಳ್ಳುವ ಶಾಖದಲ್ಲಿ. 2002ರಲ್ಲಿ ಸ್ಥಾಪನೆಯಾದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯ ನಕ್ಷತ್ರಗಳು ತೊಟ್ಟಿಯ ಗೀಸರಿನಲ್ಲಿ ಅಳೆಯುವುದು ಈ ನಷ್ಟವನ್ನೇ. ಐದು ನಕ್ಷತ್ರದ ಗೀಸರನ್ನು ತಂದು ಹಗಲಿರುಳು ಸ್ವಿಚ್ ಹಾಕಿಟ್ಟರೆ ಆ ನಕ್ಷತ್ರಗಳಿಗೆ ಅವಮಾನ ಮಾಡಿದಂತೆಯೇ ಸರಿ.

15 ಲೀಟರಿನ ತೊಟ್ಟಿಯಲ್ಲಿ 60 ಡಿಗ್ರಿಗೆ ಕಾಯ್ದ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಎರಡು ಬಕೆಟ್ ಸ್ನಾನದ ನೀರಾಗುತ್ತದೆ. ಎರಡು ಕಿಲೋವಾಟಿನ ಕಾಯಿಲು ಅದನ್ನು ಕಾಯಿಸಲು ಸುಮಾರು 20 ನಿಮಿಷ ಬೇಕು. ನಾಲ್ಕು ಮಂದಿಯ ಸಂಸಾರಕ್ಕೆ ಇದು ಧಾರಾಳ. ಒಬ್ಬಿಬ್ಬರೇ ಇರುವಲ್ಲಿ ಮೂರು ಲೀಟರಿನ ಇನ್‌ಸ್ಟಂಟ್ ಗೀಸರೇ ಲೇಸು. ಮೂರು ಕಿಲೋವಾಟಿನದು ಆರೇಳು ನಿಮಿಷಗಳಲ್ಲಿ ಒಂದು ಬಕೆಟ್ ತುಂಬಿಸುತ್ತದೆ. ಆದರೆ ಅದು ಸೆಳೆಯುವುದು 13 ಆಂಪಿಯರ್. ಹಳೆಯ ಕಟ್ಟಡಗಳಲ್ಲಿ ಪ್ರತ್ಯೇಕ ತಂತಿ, 16 ಆಂಪಿಯರಿನ ಸಾಕೆಟ್, ಸರಿಯಾದ ಅರ್ಥಿಂಗ್ ಇಲ್ಲದೆ ಅದನ್ನು ಜೋಡಿಸಲೇಬಾರದು. ಬೋರಿನ ಇಲ್ಲವೆ ಟ್ಯಾಂಕರಿನ ಗಡಸು ನೀರಿರುವ ಉಪನಗರಗಳಲ್ಲಿ ಕಾಯಿಲಿಗೆ ಸುಣ್ಣದ ಪದರ ಕಟ್ಟುತ್ತದೆ, ಕಾಲಕಾಲಕ್ಕೆ ತೆಗೆಸಬೇಕು. ಸೂರ್ಯನ ಶಾಖದಿಂದ ಕಾಯಿಸುವ ಏರ್ಪಾಡು ಬೆಂಗಳೂರಿನ ತಾರಸಿಗಳಿಗೆ ಒಪ್ಪಿದಷ್ಟು ನಮ್ಮ ಬಹುಮಹಡಿಗಳಿಗೆ, ನಾಲ್ಕು ತಿಂಗಳ ಮಳೆಗೆ ಒಪ್ಪುವುದಿಲ್ಲ.

ಇನ್ನು ಗ್ಯಾಸ್ ಗೀಸರ್. ವಿದ್ಯುತ್ತಿನ ಬಳಕೆ ಮೇಲಿನ ಹಂತಕ್ಕೇರಿದಂತೆ ದರವೂ ಏರುವ ಈ ನಗರದಲ್ಲಿ ಅನೇಕರು ಮಿತವ್ಯಯಕ್ಕಾಗಿ ಇದನ್ನು ತರುತ್ತಾರೆ. ಆ ಉಳಿತಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಬಚ್ಚಲುಗಳನ್ನು ನೋಡಿರಿ: ನಾಲ್ಕಡಿ ಅಗಲ, ಚಳಿಗೆಂದೋ ಸೊಳ್ಳೆಗೆಂದೋ ಮುಚ್ಚಿದ ಗಾಜಿನ ಪಟ್ಟಿಗಳು, ಒಳಗಿನಿಂದ ಚಿಲಕ. ಇಂಥಲ್ಲಿ ಜ್ವಾಲೆ ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸೋರುವ ಗ್ಯಾಸಿಗೆ ವಾಸನೆಯಿದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಭಾರವಾಗಿ, ವಾಕರಿಕೆ ಬಂದು, ಕಾಲು ಸೋತು, ಚಿಲಕದವರೆಗೆ ಕೈ ಚಾಚುವ ಮೊದಲೇ ಮನುಷ್ಯ ಕುಸಿದು ಬೀಳಬಹುದು. ನರರೋಗ ತಜ್ಞರು ಇದನ್ನು ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ಕೆಲವೊಮ್ಮೆ ಅಪಸ್ಮಾರವೆಂದು ತಪ್ಪಾಗಿ ತಿಳಿಯುವುದೂ ಉಂಟು.

ಈ ಯಂತ್ರದ ಸ್ಥಾನ ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲಿ. ಈಗಾಗಲೇ ಒಳಗೆ ಜೋಡಿಸಿದವರು ಅದನ್ನು ಹೊರಗೆ ಸ್ಥಳಾಂತರಿಸಲಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗ್ಯಾಸನ್ನು ನಂದಿಸಿ, ಗಾಳಿ ಹೊರಹೋದ ಮೇಲೆ ಸ್ನಾನಕ್ಕೆ ಹೋಗಲಿ. ಒಳಗಿದ್ದವರು ಕರೆದರೂ ಓಗೊಡದಿದ್ದರೆ ಬಾಗಿಲು ಒಡೆಯಲು ಹಿಂಜರಿಯಬಾರದು. ಗ್ಯಾಸ್ ನಿಲ್ಲಿಸಿ, ಅವರನ್ನು ಬಯಲಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಒಯ್ದು, ಗ್ಯಾಸ್ ಗೀಸರಿನ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಒಳ್ಳೆಯ ಅಂಕಿಯನ್ನೇ ತೋರಿಸಿ ವಂಚಿಸಬಹುದು.

ಗ್ಯಾಸಿನ ಸಂಬಂಧವೇ ಇಲ್ಲದೆ, ತಲೆಗೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಸೆಳವು ಬರುವ ಕಾಯಿಲೆಯೊಂದು ದಕ್ಷಿಣ ಕರ್ನಾಟಕದವರಲ್ಲಿ ವಿಶೇಷವಾಗಿ ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ದೀರ್ಘಕಾಲ ಅಭ್ಯಸಿಸಿದ್ದಾರೆ. ಮಗು ತಲೆಸ್ನಾನದ ವೇಳೆ ಕ್ಷಣಕಾಲ ಮಂಕಾಗಿ ದಿಟ್ಟಿಸಿದರೆ ಅದನ್ನು ಹಠವೆನ್ನದೆ ವೈದ್ಯರಿಗೆ ತೋರಿಸಿರಿ. ಅಲ್ಲಿಯವರೆಗೆ ತಲೆಗೆ ಉಗುರುಬೆಚ್ಚಗಿನ ನೀರನ್ನೇ ಬಳಸಿರಿ.