ಮೂಲೆ ಸೇರಿದ ಆಯಿಲ್ ಎಂಜಿನ್: ಹ್ಯಾಂಡಲ್ ಹಾಕುವ ಮುನ್ನ

ಬೆಳೆಗಾರ ಬಾಂಧವರಲ್ಲಿ ಹಲವರ ಪಂಪ್ ಮನೆಯ ಮೂಲೆಯಲ್ಲೋ ಕೊಟ್ಟಿಗೆಯ ಹಿಂದಿನ ಹುಣಸೆ ಮರದ ಬುಡದಲ್ಲೋ ಎರಡು ದೊಡ್ಡ ಚಕ್ರಗಳ ಹಳೆಯ ಆಯಿಲ್ ಎಂಜಿನ್ ಬಿದ್ದಿರುತ್ತದೆ. ಬಾವಿಯಲ್ಲಿ ನೀರಿದ್ದ ಕಾಲದಲ್ಲಿ ಅಡಿಕೆ ತೋಟವನ್ನು ಉಳಿಸಿದ್ದು ಅದೇ. ಕರೆಂಟು ಬಂತು, ಕೊಳವೆ ಬಾವಿ ಬಂತು, ಎಂಜಿನ್ ಮೂಲೆ ಸೇರಿತು. ಈಗ ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಕೇಳುತ್ತಾರೆ. ಮುನ್ನೂರು ಕಿಲೋಗೂ ಮೇಲ್ಪಟ್ಟ ಬೀಡು ಕಬ್ಬಿಣ, ಕೈಗೆ ಒಂದಷ್ಟು ಹಣ ಬರುವುದೇನೋ ನಿಜ. ಆದರೆ ಕೊಡುವ ಮುನ್ನ ಒಮ್ಮೆ ಬಿಚ್ಚಿ ನೋಡಿ ಎಂದು ಹೇಳುವುದಕ್ಕೇ ಈ ಲೇಖನ. ಬಿಚ್ಚಿ ನೋಡುವ ಮುನ್ನ ಚಾಲೂ ಮಾಡಬೇಡಿ ಎಂಬುದು ಅದಕ್ಕಿಂತ ಮುಖ್ಯವಾದ ಮಾತು.

ನಾನು ಇದನ್ನು ಕಲಿತದ್ದು ಕೈ ಸುಟ್ಟುಕೊಂಡು. ಗುಬ್ಬಿ ಕಡೆಯ ಒಂದು ಆಲೆಮನೆಯಲ್ಲಿ ಕಬ್ಬಿನ ಗಾಣ ತಿರುಗಿಸಿ, ಆಮೇಲೆ ವರ್ಷಗಟ್ಟಲೆ ಬಯಲಲ್ಲಿ ಬಿದ್ದಿದ್ದ ೬ ಅಶ್ವಶಕ್ತಿಯ ಎಂಜಿನ್ ಒಂದನ್ನು ತಂದೆ. ಪಿಸ್ಟನ್ ಹಿಡಿದುಕೊಂಡಿತ್ತು. ಒಂದು ರಾತ್ರಿ ಸೀಮೆ ಎಣ್ಣೆ ಸುರಿದಿಟ್ಟು, ಬೆಳಿಗ್ಗೆ ಟ್ರಾಕ್ಟರಿನ ಬೆಲ್ಟು ಹಾಕಿ ಎಳೆಸಿದೆ. ಬಿಟ್ಟುಕೊಂಡಿತು! ಹತ್ತು ನಿಮಿಷ ಓಡಿತು ಕೂಡ. ಆ ಹತ್ತು ನಿಮಿಷದಲ್ಲಿ ಮುರಿದ ರಿಂಗು ಲೈನರನ್ನು ಮೇಲಿಂದ ಕೆಳಗೆ ಗೀರಿ ಹಾಕಿತ್ತು. ಎರಡು ರಿಂಗು ಹಾಕಿ ಮುಗಿಸಬಹುದಾಗಿದ್ದ ಕೆಲಸಕ್ಕೆ ಲೈನರು, ಪಿಸ್ಟನ್ನು ಎಲ್ಲ ಹೊಸದು ಬೇಕಾಯಿತು. ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಲೇತಿನ ಕೆಲಸ ಮಾಡುವ ಹಿರಿಯರೊಬ್ಬರು ಅದನ್ನು ನೋಡಿ, "ಹದಿನೈದು ವರ್ಷ ಸುಮ್ಮನೆ ಬಿಟ್ಟಿದ್ರಿ, ಹದಿನೈದು ದಿನ ತಡೀಲಿಕ್ಕೆ ಆಗಲಿಲ್ವಾ ಸ್ವಾಮಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಎಂಜಿನ್ನಿನ ಮೂಲ ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ. ೧೯೩೦ರ ಸುಮಾರಿಗೆ ಪೇಟೆಗೆ ಬಂದ ಮಾದರಿ ಇದು. ೧೯೮೭ರಲ್ಲಿ ಅಲ್ಲಿ ತಯಾರಿಕೆ ನಿಂತಿತು. ಅಷ್ಟರಲ್ಲಿ ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಅದೇ ಅಚ್ಚಿನಲ್ಲಿ ಎಂಜಿನ್ ಎರಕ ಹೊಯ್ಯಲು ತೊಡಗಿದ್ದವು. ನಮ್ಮ ಸೀಮೆಯಲ್ಲಿ ಸಿಗುವುದು ಹೆಚ್ಚಾಗಿ ಅವೇ. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ೧೯೪೬ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಕಂಪನಿಯ ಎಂಜಿನ್ನುಗಳೂ ಸಾಕಷ್ಟಿವೆ. ಈಚಿನ ಚಿಕ್ಕ ಎಂಜಿನ್ನುಗಳು ನಿಮಿಷಕ್ಕೆ ೧೫೦೦ ಸುತ್ತು ತಿರುಗಿದರೆ, ಈ ಹಳೆಯ ಲಿಸ್ಟರ್ ಮಾದರಿಯದು ಕೇವಲ ೬೫೦. ನಿಧಾನವಾಗಿ ತಿರುಗುವುದರಿಂದ ಸವೆತ ಕಡಿಮೆ. ಲೈನರು, ವಾಲ್ವು, ಬೇರಿಂಗು ಎಲ್ಲವನ್ನೂ ಬಿಚ್ಚಿ ಬದಲಿಸಬಹುದು. ಆದ್ದರಿಂದಲೇ ಇದು ಸಾಯುವುದು ಅಪರೂಪ.

ಮೊದಲು ಹೊರಗಿನಿಂದ ಪರೀಕ್ಷಿಸಿ. ಚಕ್ರದ ಕಡ್ಡಿಗಳ ಬುಡವನ್ನೂ ಬೆಣೆ ಕೂರುವ ಜಾಗವನ್ನೂ ಸೀಮೆ ಎಣ್ಣೆಯಲ್ಲಿ ಒರೆಸಿ, ಒಣ ಸುಣ್ಣದ ಪುಡಿ ಹಚ್ಚಿ ಒಂದು ಗಂಟೆ ಬಿಡಿ. ಬಿರುಕಿದ್ದರೆ ಬಿಳಿಯ ಮೇಲೆ ಎಣ್ಣೆಯ ಗೆರೆ ಮೂಡುತ್ತದೆ. ಎರಡಡಿ ಅಗಲದ ಚಕ್ರ ೬೫೦ ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ೭೦ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿರುತ್ತದೆ. ಬಿರುಕು ಬಿಟ್ಟ ಚಕ್ರವನ್ನು ಯಾರೇ ಧೈರ್ಯ ಹೇಳಿದರೂ ತಿರುಗಿಸಬೇಡಿ. ಚಕ್ರವನ್ನು ಬೇರೆಯದು ಹುಡುಕಬಹುದು. ಆದರೆ ಎಂಜಿನ್ನಿನ ಬುಡದ ಪೆಟ್ಟಿಗೆಯೇ ಒಡೆದಿದ್ದರೆ, ಕ್ರ್ಯಾಂಕು ಬಾಗಿದ್ದರೆ, ಗುಜರಿಯವರಿಗೆ ಕೊಡುವುದೇ ಸರಿ.

ಹಿಡಿದುಕೊಂಡ ಪಿಸ್ಟನ್ನಿಗೆ ಹೆಡ್ಡು ಬಿಚ್ಚಿ, ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಮೇಲಿನಿಂದ ಸುರಿದು, ವಾರವಾದರೂ ಹತ್ತು ದಿನವಾದರೂ ನೆನೆಯಲು ಬಿಡಿ. ಇಳಿದಷ್ಟು ತುಂಬುತ್ತಿರಿ. ಬಳಿಕ ಪಿಸ್ಟನ್ ತಲೆಯ ಮೇಲೆ ಮರದ ದಿಮ್ಮಿ ಇಟ್ಟು ಮೆಲ್ಲಗೆ ತಟ್ಟಿ. ಕೂದಲೆಳೆಯಷ್ಟು ಕದಲಿದರೆ ಮತ್ತೆ ಎಣ್ಣೆ ಬಿಟ್ಟು ನಿಲ್ಲಿಸಿ. ಚಕ್ರದ ಅಂಚಿಗೆ ಸುತ್ತಿಗೆಯಲ್ಲಿ ಹೊಡೆಯುವುದಂತೂ ಕೂಡದು.

ನಮ್ಮ ತುಮಕೂರು ಸೀಮೆಯಲ್ಲಿ ಇನ್ನೊಂದು ಶತ್ರುವಿದೆ: ಗಡಸು ನೀರು. ಎಂಜಿನ್ನಿನ ಸುತ್ತಲಿನ ನೀರಿನ ಗೂಡಿನಲ್ಲಿ ಸುಣ್ಣ ಗಟ್ಟಿಯಾಗಿ ಕೂತು ನೀರಿನ ದಾರಿಯನ್ನೇ ಮುಚ್ಚಿರುತ್ತದೆ. ಹೊರಗೆ ನೀರು ಹರಿಯುತ್ತಿರುವಂತೆ ಕಂಡರೂ ಒಳಗೆ ಹೆಡ್ಡು ಕಾದು ಸೀಳುತ್ತದೆ. ಲೈನರ್ ಕಿತ್ತಾಗ ಕಬ್ಬಿಣದ ಕಡ್ಡಿಯಿಂದ ಕೆರೆದು ತೆಗೆಯಿರಿ. ಉಳಿದದ್ದಕ್ಕೆ ಹುಣಸೆ ಹುಳಿಯ ನೀರು ತುಂಬಿಸಿ ಒಂದೆರಡು ದಿನ ಬಿಟ್ಟು ತೊಳೆಯಬಹುದು. ಬಚ್ಚಲಿಗೆ ಹಾಕುವ ಆಸಿಡ್ ಸುರಿದವರನ್ನು ಕಂಡಿದ್ದೇನೆ. ಅದು ಸುಣ್ಣದ ಜೊತೆಗೆ ಕಬ್ಬಿಣವನ್ನೂ ತಿನ್ನುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಒಳಗೆ ಒತ್ತಿದ ಗಾಳಿಯೇ ಕಾದು ಡೀಸೆಲ್ ಹೊತ್ತಿಕೊಳ್ಳಬೇಕು. ಗಾಳಿ ಸೋರಿದರೆ ಎಂಜಿನ್ ಏಳುವುದಿಲ್ಲ. ವಾಲ್ವುಗಳನ್ನು ಪೇಸ್ಟು ಹಚ್ಚಿ ಅರೆದು ಕೂರಿಸಿ, ಹೆಡ್ಡನ್ನು ಬೋರಲು ಹಾಕಿ ಸೀಮೆ ಎಣ್ಣೆ ಸುರಿದು ನೋಡಿ. ಐದು ನಿಮಿಷವಾದರೂ ಹನಿ ಸೋರಬಾರದು. ನಾಜಲನ್ನು ಹೊರಗಿಟ್ಟು ಪಂಪು ಒತ್ತಿದರೆ ಡೀಸೆಲ್ ಮಂಜಿನಂತೆ ಹಾರಬೇಕು; ಧಾರೆಯಾಗಿ ಬಿದ್ದರೆ ನಾಜಲ್ ಕೆಟ್ಟಿದೆ. ಈ ಪರೀಕ್ಷೆಯಲ್ಲಿ ಕೈ ಅಡ್ಡ ಇಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬುಡದ ಹಳೆಯ ಆಯಿಲನ್ನು ಪೂರ್ತಿ ತೆಗೆದು, ತಳದ ಕೆಸರನ್ನು ಬಟ್ಟೆಯಿಂದ ಬಳಿಯಿರಿ. ಈ ಮಾದರಿಯ ಬಹಳಷ್ಟು ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ತುದಿಯ ಸಣ್ಣ ಚಮಚವೊಂದು ಆಯಿಲನ್ನು ಮೇಲಕ್ಕೆ ಎರಚುತ್ತದೆ. ಅದರ ತೂತು ಕಟ್ಟಿದ್ದರೆ ಬೇರಿಂಗು ಒಣಗಿಯೇ ಓಡುತ್ತದೆ. ಹೊಸ ಆಯಿಲ್ ಗುರುತಿನವರೆಗೆ ಮಾತ್ರ. ಹೆಚ್ಚಾದರೆ ಆಯಿಲೇ ಉರಿದು ಎಂಜಿನ್ ಹತೋಟಿ ಮೀರಿ ಓಡಬಹುದು.

ಚಾಲೂ ಮಾಡುವ ದಿನ ಪಂಚೆ, ಹೆಗಲ ಮೇಲಿನ ಟವೆಲು ಬೇಡ. ಮುಚ್ಚಿದ ಕೋಣೆಯಲ್ಲಿ ಹೊಗೆ ಪ್ರಾಣಕ್ಕೆ ಅಪಾಯ, ಬಯಲಲ್ಲಿ ನಡೆಸಿ. ಡಿಕಂಪ್ರೆಶನ್ ಲಿವರ್ ಎತ್ತಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹ್ಯಾಂಡಲ್ ಹಿಡಿಯಿರಿ. ಎಂಜಿನ್ ಹಿಮ್ಮುಖ ಒದ್ದರೆ ಹೆಬ್ಬೆರಳು ಉಳಿಯುತ್ತದೆ. ಚೆನ್ನಾಗಿ ವೇಗ ಬಂದ ಮೇಲೆ ಲಿವರ್ ಬಿಡಿ. ಗಾಳಿ ಎಳೆಯುವ ಬಾಯಿಗೆ ಅಡ್ಡ ಇಡಲು ಒಂದು ಹಲಗೆಯನ್ನು ಇನ್ನೊಬ್ಬರ ಕೈಯಲ್ಲಿ ಕೊಟ್ಟಿರಿ. ಹತೋಟಿ ತಪ್ಪಿದರೆ ಗಾಳಿ ಕಟ್ಟಿದರೆ ಸಾಕು, ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿ ಪ್ರಯೋಜನವೇನು ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು ಒಂದೂವರೆ ಲೀಟರು ಡೀಸೆಲ್ ಬೇಕು. ೧೦ ಅಶ್ವಶಕ್ತಿವರೆಗಿನ ಪಂಪಿಗೆ ಉಚಿತ ವಿದ್ಯುತ್ ಇರುವಾಗ ದಿನವೂ ಇದನ್ನು ಓಡಿಸುವುದು ಲೆಕ್ಕಕ್ಕೆ ಬಾರದು. ಆಳದ ಕೊಳವೆ ಬಾವಿಯಿಂದ ಇದು ನೀರೆತ್ತುವುದೂ ಇಲ್ಲ. ಮೇಲೆ ಕೂರಿಸಿದ ಪಂಪು ಎಳೆಯುವುದು ಆರೇಳು ಮೀಟರು ಆಳದಿಂದ ಮಾತ್ರ. ಆದರೆ ತೊಟ್ಟಿಯಲ್ಲೋ ಕೃಷಿ ಹೊಂಡದಲ್ಲೋ ನೀರಿದ್ದು, ಏಪ್ರಿಲ್ ತಿಂಗಳಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ವಾರಗಟ್ಟಲೆ ಕರೆಂಟಿಲ್ಲದಾಗ, ಹಿಂಗಾರ ಒಣಗುವುದನ್ನು ನೋಡುತ್ತ ಕೂರುವ ಬದಲು ಕೈಯಲ್ಲೊಂದು ದಾರಿ ಇರುತ್ತದೆ. ಕಾಫಿ ಬೆಳೆಗಾರರಿಗೆ ಕೊಯ್ದ ಹಣ್ಣು ರಾತ್ರಿಯೊಳಗೆ ಪಲ್ಪರಿಗೆ ಬೀಳಬೇಕಾದಾಗಲೂ ಅಷ್ಟೆ. ೧೪೫೦ ಸುತ್ತಿನ ಪಂಪಿಗೆ ಬೆಲ್ಟು ಹಾಕುವುದಾದರೆ ಎಂಜಿನ್ನಿನ ಪುಲ್ಲಿ ಪಂಪಿನದಕ್ಕಿಂತ ಎರಡೂಕಾಲು ಪಟ್ಟು ಅಗಲವಿರಲಿ.

ಮೊದಲ ೨೫ ಗಂಟೆ ಅರ್ಧ ಭಾರದಲ್ಲಿ ಓಡಿಸಿ ಆಯಿಲ್ ಬದಲಿಸಿ. ಮತ್ತೆ ಮೂಲೆಗೆ ಹಾಕದೆ ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸುತ್ತಿರಿ. ಮಳೆಗಾಲದಲ್ಲಿ ಹೊಗೆ ಕೊಳವೆಯ ಬಾಯಿಗೆ ಒಂದು ಹಳೆಯ ಡಬ್ಬ ಕವುಚಿಡಿ. ನನ್ನ ಎಂಜಿನ್ನಿನ ಪಿಸ್ಟನ್ ಹಿಡಿದುಕೊಂಡಿದ್ದು ಆ ಕೊಳವೆಯಿಂದ ಇಳಿದ ಮಳೆನೀರಿನಿಂದ.